ಹನ್ನೆರಡು ಥಾನು, ಹನ್ನೊಂದು ತಾಯಿ

ಇಚಲಕರಂಜಿಯ ಶಹಾಪುರದ ಚಾಳಿನಲ್ಲಿ ಮಾಯವ್ವನ ಖೋಲಿ ಹತ್ತಡಿ ಉದ್ದ, ಎಂಟಡಿ ಅಗಲ. ಗೋಡೆಯ ಆಚೆ ಮಾಲೀಕ ಬಾಳಗೊಂಡನ ಶೆಡ್ಡು, ಅದರೊಳಗೆ ನಲವತ್ತೆಂಟು ಮಗ್ಗ. ಮಗ್ಗಗಳು ನಡೆಯುವಾಗ ಹಲಗೆಯ ಮೇಲಿನ ಪಾತ್ರೆಗಳು ನಡುಗುತ್ತ ಮುಂದೆ ಸರಿದು, ಪಾಳಿ ಮುಗಿಯುವ ಹೊತ್ತಿಗೆ ಅಂಚಿಗೆ ಬಂದು ನಿಲ್ಲುತ್ತಿದ್ದವು. ದಿನಕ್ಕೆ ಎರಡು ಸಲ ಅವನ್ನು ಹಿಂದಕ್ಕೆ ತಳ್ಳುವುದು ಅವಳ ಮನೆಗೆಲಸಗಳಲ್ಲಿ ಒಂದು. ಈ ಖೋಲಿಯನ್ನು ಉಳಿಸಿಕೊಳ್ಳಲು ೧೯೮೧ರ ಫೆಬ್ರವರಿಯಲ್ಲಿ ಅವಳು ಒಂದು ಆಟ ಕಟ್ಟಿದಳು.

ಖೋಲಿ ಮಗ್ಗ ನಡೆಸುವವನಿಗೆಂದು ಕೊಟ್ಟದ್ದು. ಅವಳ ಗಂಡ ಧೋಂಡಿಬಾ ಒಂಬತ್ತು ವರ್ಷ ನಾಲ್ಕು ಮಗ್ಗ ನಡೆಸಿದ್ದ. ಹಿಂದಿನ ದಸರೆಯಿಂದ ಅವನಿಗೆ ಪಾಳಿಯುದ್ದ ನಿಲ್ಲಲು ಆಗುತ್ತಿರಲಿಲ್ಲ. ಎದೆಯಲ್ಲಿ ಹತ್ತಿಯ ಧೂಳು ಕೂತಿದೆ, ಇನ್ನು ಶೆಡ್ಡಿನೊಳಗೆ ಕಾಲಿಡಬಾರದು ಎಂದು ಕೊಲ್ಲಾಪುರದ ದವಾಖಾನೆಯಲ್ಲಿ ಹೇಳಿದ್ದರು. ಹದಿನೈದು ದಿನಕ್ಕೊಮ್ಮೆ ಅಲ್ಲಿ ಪುಕ್ಕಟೆ ಔಷಧ ಸಿಗುತ್ತಿತ್ತು, ಇಚಲಕರಂಜಿಯಿಂದ ಅಲ್ಲಿಗೆ ಗಂಟೆಗೊಂದು ಬಸ್ಸು ಇತ್ತು. ಕೂತು ಹೋಗಿ ಕೂತು ಬರಬಹುದಾದ ದಾರಿ ಅದೊಂದೇ.

ತಮ್ಮ ಊರು, ನೂಲ ಎಂಬ ಹಳ್ಳಿಗೆ, ಮರಳುವಂತಿರಲಿಲ್ಲ. ಅವರದು ಕುರಿಯವರ ಮನೆತನ. ಧೋಂಡಿಬಾನ ಪಾಲಿನ ನಲವತ್ತು ಕುರಿಗಳು ಒಂದೇ ಮಳೆಗಾಲದಲ್ಲಿ ಬೇನೆ ಬಿದ್ದು ಸತ್ತಿದ್ದರಿಂದಲೇ ಅವರು ಮಗ್ಗಕ್ಕೆ ಬಂದದ್ದು. ಅಣ್ಣತಮ್ಮಂದಿರ ಕುರಿಗಳು ಉಳಿದಿದ್ದವು. ಆದರೆ ನಡೆಯಲಾರದ ಗಂಡಸಿಗೆ ಕುರಿಯವರ ಮನೆಯಲ್ಲಿ ಜಾಗವಿರುವುದಿಲ್ಲ, ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮಾಯವ್ವ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದಳು, ಎಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಕಾಂಡಿಯವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಅವರಿಗೆ ಖೋಲಿಯೂ ಇಲ್ಲ. ನೇಯ್ದ ಬಟ್ಟೆಯನ್ನು ಪರೀಕ್ಷಿಸಿ ಮಡಚುವ ಘಡಿ ಖಾತೆಯವರಿಗೆ ಎರಡೂ ಇತ್ತು. ಸಂಕ್ರಾಂತಿಯ ಮರುದಿನ ಬಾಳಗೊಂಡ ಅವಳನ್ನು ಕರೆದು, ಹೊಸ ಮಗ್ಗದವನಿಗೆ ಖೋಲಿ ಬೇಕಾಗಿದೆ, ಯುಗಾದಿಯ ಗುಡಿ ಪಾಡವಾದೊಳಗೆ ಖಾಲಿ ಮಾಡಬೇಕು ಎಂದ. ಅವಳು ಘಡಿ ಖಾತೆಯಲ್ಲಿ ಕೆಲಸ ಕೇಳಿದಳು. ಅವನು ನೋಡೋಣ ಎಂದ. ಮಾಲೀಕರು ನೋಡೋಣ ಎಂದರೆ ಏನರ್ಥ ಎಂಬುದು ಅವಳಿಗೆ ಗೊತ್ತಿತ್ತು.

ಆ ವರ್ಷ ಊರಿನ ಕಾರಖಾನೆಯವರೂ ವ್ಯಾಪಾರಿಗಳೂ ಕೂಡಿ ನಾಲ್ಕು ದಿನದ ವ್ಯಾಪಾರ ಪ್ರದರ್ಶನ ಇಟ್ಟುಕೊಂಡಿದ್ದರು. ಹಿಂದಿನ ವರ್ಷ ಜನ ಮಳಿಗೆಗಳ ಮುಂದೆ ನಿಲ್ಲದೆ ಭಜಿ ತಿಂದು ಮನೆಗೆ ಹೋಗಿದ್ದರಂತೆ. ಅದಕ್ಕೇ ಈ ಸಲ ಪ್ರತಿ ಮಳಿಗೆಯಲ್ಲೂ ಬಂದವರು ಕೈಹಾಕಿ ಆಡುವಂಥ ಒಂದು ಆಟ ಇರಬೇಕು, ಆಟಗಳಿಗೆ ಅಂಕ ಹಾಕಿ ಬಹುಮಾನ ಕೊಡಲಾಗುವುದು ಎಂದು ಸೂಚನೆ ಹೊರಟಿತು. ಅಂಕ ಹಾಕುವ ಮೂವರಲ್ಲಿ ನಾನೂ ಒಬ್ಬಳು; ಆಗ ಕೊಲ್ಲಾಪುರದ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತಿದ್ದೆ.

ಬಾಳಗೊಂಡನ ದಿವಾಣಜಿ ಮಲ್ಲಾರಿ, ಅಂದರೆ ಅವನ ಕಾರಕೂನ, ಬಳೆ ಎಸೆದು ಸಾಬೂನು ಗೆಲ್ಲುವ ಆಟ ಸೂಚಿಸಿದ. ಅರವತ್ತು ಮಳಿಗೆಗಳಲ್ಲಿ ನಲವತ್ತರವರು ಅದನ್ನೇ ಯೋಚಿಸಿದ್ದರು. ಅಂಗಳದಲ್ಲಿ ಈ ಮಾತು ನಡೆಯುವಾಗ ಮಾಯವ್ವ ಕಾಂಡಿಯ ಬುಟ್ಟಿ ಹೊತ್ತು ನಿಂತಿದ್ದಳು. ಕರೆಯದೆ ಬಾಯಿ ಹಾಕುವವಳಲ್ಲ. ಅಂದು ಹಾಕಿದಳು.

“ಬಳಿ ಒಗದವ್ರು ಬಳಿ ನೋಡತಾರ್ರಿ ಮಾಲಕ್ರ. ನಿಮ್ಮ ಅರಿವಿ ಯಾರ ಮುಟ್ಟತಾರ?”

ಮಲ್ಲಾರಿ ನಕ್ಕು, ಕುರಿ ಕಾಯುವವರು ಈಗ ವ್ಯಾಪಾರ ಕಲಿಸಲಿಕ್ಕೆ ಬಂದರು ಎಂದ. ಬಾಳಗೊಂಡ ನಗಲಿಲ್ಲ. ಮತ್ತೇನು ಮಾಡಬೇಕು ಹೇಳು ಎಂದ.

ಅವಳು ಹೇಳಿದ್ದು ಹೊಸದೇನಲ್ಲ. ಕುರಿಯವರ ದಡ್ಡಿಯಲ್ಲಿ, ಎಂದರೆ ಕುರಿ ಕೂಡುವ ಹಟ್ಟಿಯಲ್ಲಿ, ಸಂಜೆಗೆ ಮರಿ ಬಿಡುವ ಕೆಲಸವಿರುತ್ತದೆ. ಹಗಲೆಲ್ಲ ಮರಿಗಳನ್ನು ದಡ್ಡಿಯೊಳಗೆ ಕೂಡಿ ಹಾಕಿ ತಾಯಿಗಳನ್ನು ಮೇಯಿಸಲು ಒಯ್ದಿರುತ್ತಾರೆ. ಹಿಂಡು ಮರಳಿದಾಗ ಒಂದೊಂದೇ ಮರಿಯನ್ನು ಎತ್ತಿ ಅದರ ತಾಯಿಗೇ ಬಿಡಬೇಕು. ತಪ್ಪು ತಾಯಿಗೆ ಬಿಟ್ಟರೆ ಅದು ಗುದ್ದುತ್ತದೆ, ಮರಿ ಹಸಿದು ಮಲಗುತ್ತದೆ. ಮಾಯವ್ವ ಎಂಟು ವರ್ಷದವಳಿದ್ದಾಗಿನಿಂದ ಇನ್ನೂರು ಕುರಿಗಳಲ್ಲಿ ಈ ಕೆಲಸ ಮಾಡಿದವಳು, ಕತ್ತಲಾದರೆ ಉಣ್ಣೆ ಮುಟ್ಟಿಯೇ ಹೇಳುತ್ತಿದ್ದಳು. ಶೆಡ್ಡಿಗೆ ಬಂದ ಮೇಲೆ ಊಟದ ಬಿಡುವಿನಲ್ಲಿ ಕತ್ತರಿಸಿ ಬಿದ್ದ ತುಂಡುಗಳನ್ನು ಮರಿ ಎಂದೂ ಥಾನುಗಳನ್ನು, ಅಂದರೆ ಮಡಚಿಟ್ಟ ಇಡೀ ಬಟ್ಟೆಗಳನ್ನು, ತಾಯಿ ಎಂದೂ ಮಾಡಿ ಇದನ್ನೇ ಹೆಂಗಸರಿಗೆ ಆಟವಾಗಿ ಕಲಿಸಿದ್ದಳು. ಎಲ್ಲವೂ ಬಿಳಿ ಬಟ್ಟೆ. ಕಣ್ಣಿಗೆ ಒಂದೇ, ಕೈಗೆ ಬೇರೆ ಬೇರೆ.

ಬಾಳಗೊಂಡ ವ್ಯಾಪಾರಿ, ಕೇಳಿದ ಕೂಡಲೇ ಅವನಿಗೆ ಅದರ ಬೆಲೆ ತಿಳಿಯಿತು. ಬಂದವನು ತಾನಾಗಿಯೇ ಮಳಿಗೆಯ ಹನ್ನೆರಡೂ ಬಗೆಯ ಬಟ್ಟೆಯನ್ನು ಮುಟ್ಟಿ ನೋಡುತ್ತಾನೆ. ಹನ್ನೆರಡೂ ಥಾನು ಆಟದಲ್ಲಿರಬೇಕು, ಊರಹೊರಗಿನ ವ್ಯಾಪಾರಿಗಳು ನಿಲ್ಲಬೇಕು, ಹಾಗಾದರೆ ಘಡಿ ಖಾತೆಯಲ್ಲಿ ನಿನ್ನ ಹೆಸರು ಎಂದ. ಈ ಸಲ ನೋಡೋಣ ಎನ್ನಲಿಲ್ಲ.

ಅವಳಿಗೆ ಇಪ್ಪತ್ತು ದಿನ ಇತ್ತು. ಹಗಲು ಕಾಂಡಿ ತುಂಬಿ, ಪಾಳಿ ಬದಲಾಗುವ ಹೊತ್ತಿಗೆ ಗೋದಾಮಿನಲ್ಲಿ ಶಾಲನ ಎಂಬ ಜೊತೆಗಾತಿಯನ್ನು ಕೂರಿಸಿಕೊಂಡು ಆಟವನ್ನು ತಿದ್ದಿದಳು. ಮೊದಲು ಕಣ್ಣಿಗೆ ಬಟ್ಟೆ ಕಟ್ಟಿ ನೋಡಿದಳು. ಗಂಡಸರು ನಾಲ್ಕು ಜನರೆದುರು ಕಣ್ಣು ಕಟ್ಟಿಸಿಕೊಳ್ಳಲು ನಾಚಿದರು, ಅದನ್ನು ಬಿಟ್ಟಳು. ಬಟ್ಟೆಯ ಹೆಸರಿನ ಛಾಪು ಕಾಣದಂತೆ ಥಾನುಗಳ ತುದಿಯನ್ನು ಒಳಮುಖವಾಗಿ ಮಡಚಿ ಪರದೆಯ ಹಿಂದೆ ಇಟ್ಟಳು. ಬಂದವನು ಚೀಲದಿಂದ ಒಂದು ಮರಿ ಎತ್ತಿಕೊಂಡು ಪರದೆಯ ಸೀಳಿನಲ್ಲಿ ಕೈ ತೂರಿಸಿದರೆ ಸಾಕು. ಹೊತ್ತು ಅಳೆಯಲು ಗಡಿಯಾರ ಇಡಲಿಲ್ಲ. ಒಂದು ತುಂಬಿದ ಕಾಂಡಿಯ ನೂಲನ್ನು ಶಾಲನ ರಾಟೆಗೆ ಎಳೆದುಕೊಳ್ಳುತ್ತಿರಬೇಕು, ನೂಲು ಮುಗಿಯುವುದರೊಳಗೆ ಮರಿಯನ್ನು ತಾಯಿಗೆ ಮುಟ್ಟಿಸಬೇಕು. ಖಾಲಿಯಾಗುತ್ತಿರುವ ಕಾಂಡಿಯನ್ನು ನೋಡುತ್ತ ಸುತ್ತ ನಿಂತವರೂ ಉಸಿರು ಹಿಡಿಯುತ್ತಿದ್ದರು. ಸೋತವರು ಮುಖ ಗಂಟಿಕ್ಕಿ ಹೋಗುವುದನ್ನು ಕಂಡು ಇನ್ನೊಂದು ನಿಯಮ ಸೇರಿಸಿದಳು. ಗೆದ್ದವನಿಗೆ ಕರವಸ್ತ್ರ, ಸೋತವನಿಗೆ ಅವಳೇ ತಾಯಿಯನ್ನು ತೋರಿಸಬೇಕು, ಮಲ್ಲಾರಿ ಆ ತುಂಡಿಗೆ ಛಾಪು ಒತ್ತಿ ಕೊಡಬೇಕು. ಸೋತವನೂ ಬಾಳಗೊಂಡನ ಬಟ್ಟೆಯನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗುತ್ತಾನೆ. ನಾನು ಇಪ್ಪತ್ತು ವರ್ಷ ಪಾಠದಲ್ಲಿ ಹೇಳಿದ ಮಾರಾಟ ತತ್ವಗಳು ಈ ನಿಯಮದಲ್ಲಿ ಎಲ್ಲ ಇವೆ. ಅವಳು ಮಾತ್ರ, ಮರಿಯನ್ನು ತಾಯಿ ಇಲ್ಲದೆ ಬಿಡಬಾರದೆಂದು ಹಾಗೆ ಮಾಡಿದೆ ಎಂದಳು.

ಹತ್ತನೆಯ ದಿನ ಅವಳ ಕೈ ಒಂದು ಕಡೆ ನಿಂತಿತು. ಥಾನು ಹನ್ನೆರಡು, ತಾಯಿ ಹನ್ನೊಂದೇ. ಸುವರ್ಣಕಮಲ ಎಂಬ ಛಾಪಿನದೂ ಗುಲಾಬ ಎಂಬ ಛಾಪಿನದೂ ಕೈಗೆ ಒಂದೇ ಬರುತ್ತಿದ್ದವು. ಕೈ ತೊಳೆದು ಬಂದು ನೋಡಿದಳು, ಎಳೆ ಬಿಚ್ಚಿ ತುಟಿಗೆ ಒತ್ತಿ ನೋಡಿದಳು. ಆಮೇಲೆ ಅಂಚು ಹಿಡಿದಳು. ಎರಡರ ಅಂಚೂ ಗೇಣಿಗೊಮ್ಮೆ ತುಸು ಒಳಗೆ ಬಾಗಿತ್ತು. ಅದು ಮೂವತ್ತೊಂದನೆಯ ಮಗ್ಗದ ಗುರುತು, ಅಲ್ಲಿ ಲಾಳಿ ಎಳೆಯುತ್ತಿತ್ತು. ಆ ಮಗ್ಗವನ್ನು ಒಂಬತ್ತು ವರ್ಷ ನಡೆಸಿದವನು ಅವಳ ಗಂಡ.

ಸುವರ್ಣಕಮಲ ಲಗ್ನದ ಮನೆಗಳಿಗೆ ಹೋಗುವ ದುಬಾರಿ ಬಟ್ಟೆ. ಗುಲಾಬ ಸಂತೆಯ ಬಟ್ಟೆ. ಅವಳು ಮಲ್ಲಾರಿಗೆ ಹೇಳಿದಳು.

“ದಿವಾಣಜಿ, ಇವೆರಡೂ ಒಂದ ಕುರಿ ಅದಾವು.”

“ಆದ್ರ ಆಗ್ಲಿ. ಒಂದು ಕುರಿಗೆ ಎರಡು ಹೆಸರು ಇಡಬಾರದಂತ ಯಾರ ಹೇಳ್ಯಾರ?” ಎಂದ ಮಲ್ಲಾರಿ. “ನಿನಗ ಖೋಲಿ ಬೇಕೋ, ಪಂಚಾಯತಿ ಬೇಕೋ?”

ಅವಳಿಗೆ ಖೋಲಿ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡಳು. ಒಂದು ಥಾನನ್ನು ತೆಗೆದಿಟ್ಟರೆ ಮಾಲೀಕ ಕೇಳುತ್ತಾನೆ, ಹನ್ನೆರಡೂ ಇರಬೇಕೆಂದು ಅವನ ಮಾತು. ಆದ್ದರಿಂದ ಥಾನುಗಳನ್ನು ಹಾಗೇ ಇಟ್ಟು, ಆ ಎರಡರ ಮರಿಗಳನ್ನು ಚೀಲದಿಂದ ತೆಗೆದುಬಿಟ್ಟಳು. ಬಂದವನು ಎತ್ತುವುದು ಒಂದು ತುಂಡು. ಯಾವ ತುಂಡು ಚೀಲದಲ್ಲಿ ಇಲ್ಲ ಎಂದು ಯಾರು ಲೆಕ್ಕ ಹಾಕುತ್ತಾರೆ? ಆ ಮಟ್ಟಿಗೆ ಅದು ಒಳ್ಳೆಯ ಉಪಾಯವೇ.

ಅವಳ ತಪ್ಪು ಬೇರೆ. ಪ್ರದರ್ಶನದ ಮೊದಲ ದಿನ ಬೆಳಿಗ್ಗೆ ಮೇಜು ಒರೆಸಿ, ರಾಟೆ ಇಟ್ಟು, ಸೊಂಟದ ಸಂಚಿಯಿಂದ ಒಂದು ಚಿಟಿಕೆ ಭಂಡಾರ ತೆಗೆದು ಮೇಜಿನ ಮೇಲೆ ಹಾಕಿದಳು. ಭಂಡಾರ ಎಂದರೆ ಕುರಿಯವರ ದೇವರು ಬೀರೋಬಾನ ಅರಿಶಿನ. ಹೊಸ ದಡ್ಡಿಯಲ್ಲಿ ಮರಿ ಬಿಡುವ ಮೊದಲು ಕುರಿಯವರು ಹಾಗೆ ಹಾಕುತ್ತಾರೆ. ಹಾಕಿದ ಮೇಲೆ ಆ ದಡ್ಡಿಯಲ್ಲಿ ಇದು ಯಾರ ಕುರಿ, ಇದು ಯಾವುದರ ಮರಿ ಎಂಬ ಮಾತಿನಲ್ಲಿ ಸುಳ್ಳು ಬರಕೂಡದು. ಬಂದರೆ ಹಿಂಡು ಉಳಿಯುವುದಿಲ್ಲ ಎಂದು ಅವರ ನಂಬಿಕೆ. ಅವಳು ಯೋಚಿಸಿ ಹಾಕಿದ್ದಲ್ಲ. ಬಾಗಿಲು ತೆಗೆದವರು ಹೊಸ್ತಿಲಿಗೆ ನೀರು ಹಾಕುವಂತೆ ಹಾಕಿದಳು. ಶಾಲನ ಚೇಷ್ಟೆ ಮಾಡಿದಳು: “ಏ ಮಾಯಕ್ಕಾ, ಇನ್ನ ಕುರಿ ಅಷ್ಟ ಕಮ್ಮಿ ನೋಡು.”

ಎರಡು ದಿನ ಆ ಮಳಿಗೆಯ ಮುಂದೆ ಸಾಲು ಕರಗಲಿಲ್ಲ. ಜಯಸಿಂಗಪುರ, ನಿಪ್ಪಾಣಿ, ಸಂಕೇಶ್ವರದ ವ್ಯಾಪಾರಿಗಳು ಮಕ್ಕಳಂತೆ ಜಗಳವಾಡಿ ಕೈ ತೂರಿಸಿದರು. ಎರಡನೆಯ ದಿನ ನಾನೂ ಆಡಿ ಸೋತೆ. ಮಾಯವ್ವ ನನ್ನ ಮಣಿಕಟ್ಟು ಹಿಡಿದು ಸರಿಯಾದ ಥಾನಿನ ಮೇಲೆ ಇಟ್ಟಳು, ಒರಟು ಕೈ, ಅನುಮಾನವೇ ಇಲ್ಲದ್ದು. ಛಾಪು ಒತ್ತಿದ ಆ ತುಂಡು ಆಮೇಲೆ ಎಲ್ಲಿ ಹೋಯಿತೋ ನೆನಪಿಲ್ಲ. ಅಂಕ ಬರೆದು ನಾನು ಸಂಜೆಯ ಬಸ್ಸಿಗೆ ಕೊಲ್ಲಾಪುರಕ್ಕೆ ಮರಳಿದೆ. ಅಂದೇ ಬಾಳಗೊಂಡ ಅವಳಿಗೆ ಕೇಳುವಂತೆ ಮಲ್ಲಾರಿಗೆ ಹೇಳಿದ್ದ: ಬರುವ ಒಂದನೇ ತಾರೀಖಿನಿಂದ ಇವಳ ಹೆಸರನ್ನು ಘಡಿ ಖಾತೆಗೆ ಏರಿಸು. ಅವಳು ಮನೆಗೆ ಹೋಗಿ ಧೋಂಡಿಬಾನಿಗೆ ತಿಳಿಸಿದಳು. ಅವನು ಅಂದು ಎರಡು ರೊಟ್ಟಿ ತಿಂದನಂತೆ.

ಮೂರನೆಯ ದಿನ ಮಧ್ಯಾಹ್ನ ಗಡಹಿಂಗ್ಲಜದ ಬಟ್ಟೆ ವ್ಯಾಪಾರಿ ಸಾತಪ್ಪ ಶೆಟ್ಟಿ ಬಂದ. ಅರವತ್ತು ದಾಟಿದ ಮನುಷ್ಯ, ಹಣೆಗೆ ವಿಭೂತಿ, ಬಾಳಗೊಂಡನ ಬಟ್ಟೆಯನ್ನು ವರ್ಷಗಳಿಂದ ಕೊಳ್ಳುವವನು. ಚೀಲದಿಂದ ತುಂಡು ಎತ್ತಿ, ಅರ್ಧ ಕಾಂಡಿಯೂ ಮುಗಿಯುವ ಮೊದಲೇ ತಾಯಿಗೆ ಮುಟ್ಟಿಸಿದ. ಕರವಸ್ತ್ರ ತೆಗೆದುಕೊಳ್ಳಲಿಲ್ಲ.

“ಮೂರು ದಿವಸದಿಂದ ನೀ ಎಲ್ಲಾರ್ನೂ ಆಡಸಾಕತ್ತಿ ಅಂತ. ಈಗ ನೀ ಆಡು, ನಾ ಮರಿ ಕೊಡತೇನಿ,” ಎಂದ.

ಸುತ್ತಲಿನವರು ಹೋ ಎಂದರು. ಮಾಯವ್ವ ಮಾಲೀಕನ ಮುಖ ನೋಡಿದಳು. ಬಾಳಗೊಂಡ ಹೆಮ್ಮೆಯಲ್ಲಿದ್ದ. “ಆಕಿ ತಪ್ಪಂಗಿಲ್ರಿ ಶೆಟ್ಟರ. ಬೇಕಾದ್ದು ಕೊಡ್ರಿ,” ಎಂದ. ಅವನಿಗೆ ತನ್ನ ಹನ್ನೆರಡು ಥಾನಿನೊಳಗೆ ಏನಿದೆ ಎಂಬುದು ಆ ಗಳಿಗೆ ಮರೆತಿರಬೇಕು. ಮಾಯವ್ವನಿಗೆ ಮರೆತಿರಲಿಲ್ಲ. ಹನ್ನೆರಡರಲ್ಲಿ ಹತ್ತು ಕ್ಷೇಮ, ಎರಡು ಅಲ್ಲ ಎಂದು ಎಣಿಸುತ್ತ ಅವಳು ಗೋಡೆಯ ಕಡೆ ತಿರುಗಿ ನಿಂತಳು.

ಶೆಟ್ಟಿ ಪರದೆಯ ಹಿಂದೆ ಹೋಗಿ ಕತ್ತರಿ ಆಡಿಸಿದ. ಎಲ್ಲಿಂದ ಕತ್ತರಿಸಿದನೆಂದು ಮಲ್ಲಾರಿಗೂ ಕಾಣಲಿಲ್ಲ. ತುಂಡು ಅವಳ ಕೈಗೆ ಬಂತು. ಶಾಲನ ರಾಟೆ ತಿರುಗಿಸತೊಡಗಿದಳು.

ಬೆರಳಿಗೆ ತಾಗಿದ ಕೂಡಲೇ ತಿಳಿಯಿತು. ಆ ಎರಡರಲ್ಲಿ ಒಂದು. ಅವಳು ಮೊದಲು ಉಳಿದ ಹತ್ತರ ಮೇಲೂ ಸುಮ್ಮನೆ ಕೈ ಆಡಿಸಿದಳು, ಹೊತ್ತು ಕಳೆಯಲಿಕ್ಕೆ. ಆಮೇಲೆ ಏಳನೆಯದರ ಮೇಲೆ ಇಟ್ಟಳು, ಅದು ಸುವರ್ಣಕಮಲ. ತೆಗೆದಳು. ಮೂರನೆಯದರ ಮೇಲೆ ಇಟ್ಟಳು, ಅದು ಗುಲಾಬ. ಮತ್ತೆ ತೆಗೆದಳು. ಅವಳ ಕೈ ಅನುಮಾನಿಸಿದ್ದನ್ನು ತಾನು ಎಂದೂ ಕಂಡಿರಲಿಲ್ಲ ಎಂದು ಶಾಲನ ಹೇಳಿದಳು. ಗೆಳತಿಗಾಗಿ ರಾಟೆಯನ್ನು ಆದಷ್ಟು ನಿಧಾನ ಮಾಡಿದಳಂತೆ. ಆದರೂ ಕಾಂಡಿ ಬರಿದಾಯಿತು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಅವಳು ಎರಡರಲ್ಲಿ ಯಾವುದನ್ನು ತೋರಿಸಿದ್ದರೂ ನಡೆಯುತ್ತಿತ್ತು. ಸರಿಯಾದದ್ದು ಬಿದ್ದಿದ್ದರೆ ಎರಡು ಬಟ್ಟೆಯೂ ಬೇರೆ ಎಂದು ಶೆಟ್ಟಿಯ ಎದುರೇ ಸಾಬೀತಾಗುತ್ತಿತ್ತು. ತಪ್ಪಾಗಿದ್ದರೆ ಆಡಿಸುವವಳೂ ಒಮ್ಮೆ ತಪ್ಪಿದಳು ಎಂದು ಜನ ನಗುತ್ತಿದ್ದರು, ಅಷ್ಟೇ. ಎರಡು ಬಾಗಿಲೂ ಖೋಲಿಯ ಕಡೆಗೇ ತೆರೆದಿದ್ದವು. ಇದು ಅವಳಿಗೆ ಅಲ್ಲೇ ಹೊಳೆದಿತ್ತು. ಅವಳು ದಡ್ಡಳಲ್ಲ.

ಮಲ್ಲಾರಿ ಕೆಮ್ಮಿದ. ಬಾಳಗೊಂಡನಿಗೂ ಈಗ ಅರ್ಥವಾಗಿತ್ತು.

“ಹೇಳ ಮಾಯವ್ವ,” ಎಂದ. “ಯಾವದರ ಒಂದು ಹೇಳ.”

“ಯಾವದರ ಒಂದು ಅಂತ ಯಾಕ್ರಿ ಬಾಳಗೊಂಡರ?” ಎಂದ ಶೆಟ್ಟಿ. “ಮರಿಗೆ ತಾಯಿ ಒಂದ ಇರತೈತಿ.”

ಅವಳು ಮೇಜಿನ ಕಡೆ ನೋಡಿದಳು. ಮೂರು ದಿನದ ಕೈಗಳು ಒರೆಸಿ ಹೋಗಿದ್ದರೂ ಮೂಲೆಯಲ್ಲಿ ಭಂಡಾರದ ಹಳದಿ ಉಳಿದಿತ್ತು. ಏಳನೆಯದು ಎನ್ನಲು ಹೋದೆ, ನಾಲಿಗೆ ಹೊರಳಲಿಲ್ಲ ಎಂದು ನನ್ನೆದುರು ಅವಳೇ ಹೇಳಿದ್ದಾಳೆ.

“ಈ ಮರಿಗೆ ಎರಡು ತಾಯಿ ಬರಾಕತ್ತಾವ್ರಿ ಶೆಟ್ಟರ,” ಎಂದಳು. “ಹಂಗ ಇರಂಗಿಲ್ಲ. ಮೂರನೇದು, ಏಳನೇದು ಒಂದ ಕುರಿ.”

ಶೆಟ್ಟಿ ಗದ್ದಲ ಮಾಡಲಿಲ್ಲ. ಪರದೆ ಸರಿಸಿ ಎರಡೂ ಥಾನುಗಳ ಮಡಿಕೆ ಬಿಚ್ಚಿ ಛಾಪು ನೋಡಿದ, ಹಾಗೇ ಮಡಚಿಟ್ಟ. ಇನ್ನು ಮುಂದೆ ನನ್ನ ಅಂಗಡಿಗೆ ಸುವರ್ಣಕಮಲವನ್ನು ಗುಲಾಬಿನ ದರದಲ್ಲೇ ಕಳಿಸಿರಿ ಎಂದು ಸಾವಧಾನವಾಗಿ ಹೇಳಿ ಹೊರಟ. ಸಾಲಿನಲ್ಲಿ ಮಿಕ್ಕ ವ್ಯಾಪಾರಿಗಳೂ ಇದ್ದರು. ಮರುದಿನದೊಳಗೆ ನಿಪ್ಪಾಣಿಯವರೂ ಸಂಕೇಶ್ವರದವರೂ ಅದೇ ಮಾತು ಹೇಳಿ ಕಳಿಸಿದರು.

ಕೊನೆಯ ದಿನ ಮೇಜಿನ ಹಿಂದೆ ಮಲ್ಲಾರಿ ನಿಂತಿದ್ದ. ಅಂಕ ಹಾಕಿದ ನಮ್ಮ ಮೂವರಿಗೆ ನಡೆದದ್ದು ತಿಳಿದಿರಲಿಲ್ಲ. ಮೊದಲ ಬಹುಮಾನವನ್ನು ಆ ಮಳಿಗೆಗೇ ಕೊಟ್ಟೆವು, ಕಾಗದದ ಮೇಲೆ ನನ್ನ ಸಹಿಯೂ ಇದೆ. ಬಾಳಗೊಂಡ ಹಾರ ಹಾಕಿಸಿಕೊಂಡು ತಾಮ್ರದ ತಟ್ಟೆ ಸ್ವೀಕರಿಸಿದ. ಮರುವರ್ಷದ ಪ್ರದರ್ಶನದಲ್ಲೂ ಅವನ ಮಳಿಗೆಯಲ್ಲಿ ಮರಿ ಬಿಡುವ ಆಟವೇ ಇತ್ತು. ಥಾನು ನಾಲ್ಕಕ್ಕೆ ಇಳಿದಿದ್ದವು, ಪ್ರತಿ ತುಂಡಿನ ಹಿಂದೆ ನಂಬರಿನ ಚೀಟಿ ಹೊಲಿದಿತ್ತು.

ಅವನು ಅವಳನ್ನು ಬೈಯಲಿಲ್ಲ ಎಂಬುದನ್ನೂ ಹೇಳಬೇಕು. ಪಾಡವಾದ ತನಕ ಇರು ಎಂದಿದ್ದೆ, ಇರು, ನನ್ನ ಮಾತಿಗೆ ನಾನು ತಪ್ಪುವವನಲ್ಲ ಎಂದ. ಕಾಂಡಿಯ ಕೆಲಸ ಮಾತ್ರ ಅಂದಿಗೇ ಹೋಯಿತು.

ಉಳಿದ ಆರು ವಾರ ಅವಳು ಶೆಡ್ಡಿನಿಂದ ಶೆಡ್ಡಿಗೆ ತಿರುಗಿದಳು. ಇಚಲಕರಂಜಿಯಲ್ಲಿ ಶೆಡ್ಡುಗಳಿಗೆ ಬರವಿಲ್ಲ. ಆದರೆ ಅವಳ ಕೈ ಎಂಥದೆಂದು ಎಲ್ಲ ಮಾಲೀಕರಿಗೂ ಗೊತ್ತಾಗಿತ್ತು, ಅಂಥ ಕೈ ಯಾರಿಗೂ ಬೇಕಾಗಿರಲಿಲ್ಲ. ಒಬ್ಬ ಮಾಲೀಕ ಅವಳನ್ನು ಕಂಡು, ಮರಿ ಬಿಡುವವಳು ಬಂದಳು, ಥಾನು ಒಳಗಿಡಿರಿ ಎಂದು ನಕ್ಕನಂತೆ. ಕೊನೆಗೆ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ, ಸಾತಪ್ಪ ಶೆಟ್ಟಿಯ ಅಂಗಡಿಗೇ ಹೋದಳು. ತನ್ನ ಒಂದು ಮಾತಿನಿಂದ ಲಾಭವಾದ ಮನುಷ್ಯ ಅವನೊಬ್ಬನೇ, ಕೆಲಸ ಕೊಟ್ಟಾನು, ಮಲಗಲು ಒಂದು ಮೂಲೆ ಕೊಟ್ಟಾನು ಎಂದು.

ಶೆಟ್ಟಿ ಅವಳನ್ನು ಕೂರಿಸಿ ಚಹ ತರಿಸಿದ. ಅವಳು ಕೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಬೆನ್ನ ಹಿಂದಿನ ಕಪಾಟುಗಳ ಕಡೆ ಕೈ ತೋರಿಸಿದ.

“ನನ್ನ ಅಂಗಡ್ಯಾಗೂ ಹದಿನೈದು ಛಾಪು ಅದಾವವ್ವ,” ಎಂದ. “ನಿನ್ನ ಇಲ್ಲಿ ಕುಂಡ್ರಿಸಿಕೊಂಡು ನಾ ಏನ ಮಾಡ್ಲಿ?”

ಬಸ್ಸಿಗೆಂದು ಒಂದು ನೋಟು ಕೊಡಲು ಬಂದ. ಅವಳು ತೆಗೆದುಕೊಂಡಳು. ತೆಗೆದುಕೊಳ್ಳಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಅವಳ ಬಳಿ ಮರಳಲು ದುಡ್ಡಿರಲಿಲ್ಲ.

ಪಾಡವಾದ ಹಿಂದಿನ ದಿನ ಅವರು ಖೋಲಿ ಬಿಟ್ಟು ನೂಲಕ್ಕೆ ಹೋದರು. ಮೈದುನನ ಹೆಂಡತಿ ದನದ ಕೊಟ್ಟಿಗೆಯ ಪಕ್ಕ ಜಾಗ ಮಾಡಿಕೊಟ್ಟಳು. ಅಲ್ಲಿಂದ ಕೊಲ್ಲಾಪುರದ ದವಾಖಾನೆಗೆ ಒಂದು ಹರದಾರಿ ನಡೆದು, ಆಮೇಲೆ ಎರಡು ಬಸ್ಸು. ಧೋಂಡಿಬಾ ಮೂರು ಸಲ ಹೋಗಿಬಂದ, ನಾಲ್ಕನೆಯ ಸಲ ದಾರಿಯಲ್ಲೇ ಕೂತುಬಿಟ್ಟ. ೧೯೮೩ರ ಶ್ರಾವಣದಲ್ಲಿ ತೀರಿಕೊಂಡ.

೧೯೮೬ರಲ್ಲಿ ಹೆಂಗಸರ ದುಡಿಮೆಯ ಸಮೀಕ್ಷೆಗೆಂದು ನಾನು ಆ ಕಡೆಯ ಹಳ್ಳಿಗಳಿಗೆ ಹೋಗಿದ್ದಾಗ ಅವಳನ್ನು ಹುಡುಕಿದೆ. ಸಂಜೆಯಾಗುತ್ತಿತ್ತು. ಮೈದುನನ ದಡ್ಡಿಯಲ್ಲಿ ಮರಿ ಬಿಡುತ್ತಿದ್ದಳು. ಕುರಿಗಳಲ್ಲಿ ಒಂದೂ ಅವಳದಲ್ಲ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಪ್ರದರ್ಶನದ ಮಾತು ತೆಗೆದ ಮೇಲೆ ಕೈ ನಿಲ್ಲಿಸದೆಯೇ ಮಾತಾಡಿದಳು. ಅಂದು ಯಾಕೆ ಒಂದನ್ನು ತೋರಿಸಲಿಲ್ಲ ಎಂದು ಕೇಳಿದೆ. ಸತ್ಯ, ಧರ್ಮ ಎಂದೇನಾದರೂ ಹೇಳುತ್ತಾಳೆ ಎಂದು ನಾನು ಕಾದಿದ್ದರೆ ಅದು ನನ್ನ ತಪ್ಪು.

“ತೋರಸಬೇಕಾಗಿತ್ರಿ ಬಾಯಾರ,” ಎಂದಳು. “ಯಾವದರ ಒಂದು. ಖೋಲಿ ಉಳೀತಿತ್ತು. ಅವರೂ ಇನ್ನೊಂದೆರಡು ವರ್ಷ ಇರತಿದ್ರು.”

“ಭಂಡಾರ ಹಾಕಿದ್ದೆಯಲ್ಲ?”

“ಹಾಕಿದ್ದ ತಪ್ಪಾತ್ರಿ. ಅದು ಪ್ಯಾಟಿ ಇತ್ತು. ನಾ ಅದನ್ನ ಕುರಿ ದಡ್ಡಿ ಅಂತ ತಿಳಕೊಂಡೆ.”

ಇನ್ನೊಂದು ಮರಿಯನ್ನು ಎತ್ತಿ ಅದರ ಬೆನ್ನ ಮೇಲೆ ಕೈ ಆಡಿಸಿದಳು. ಕುರಿ ಬರುವ ದಾರಿಗೆ ಅಡ್ಡ ನಿಂತಿದ್ದೀರಿ, ತುಸು ಸರಿಯಿರಿ ಎಂದಳು. ಸರಿದು ನಿಂತೆ.